ಬಿಪಿ ಮೆಷಿನ್ ನಿಜವಾಗಿ ಹಿಡಿಯುವುದು ಯಾವುದನ್ನು?

ಸ್ಟೆತಸ್ಕೋಪ್ ಇಟ್ಟು ಬಿಪಿ ನೋಡುವುದು ವಾರ್ಡಿನಲ್ಲಿ ಕೆಲಸ ಕಲಿಯುವ ಎಲ್ಲರಿಗೂ ಬರುತ್ತದೆ, ಅದನ್ನು ಬಿಡುತ್ತೇನೆ. ಅದು 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕಾಫ್ ತಿಳಿಸಿದ ಸದ್ದಿನ ವಿಧಾನ. ಈಗ ಮನೆಮನೆಯಲ್ಲಿರುವ ಬ್ಯಾಟರಿ ಮೆಷಿನ್‌ಗಳಲ್ಲಿ ಹೆಚ್ಚಿನವು ಸದ್ದು ಕೇಳುವುದೇ ಇಲ್ಲ. ಒಳಗೆ ಪುಟ್ಟ ಪಂಪು, ಗಾಳಿ ಬಿಡುವ ವಾಲ್ವು, ಒತ್ತಡದ ಸೆನ್ಸರ್, ಲೆಕ್ಕ ಹಾಕುವ ಚಿಪ್, ಅಷ್ಟೇ.

ತೋಳಿಗೆ ಸುತ್ತಿದ ಗಾಳಿಪಟ್ಟಿ (ಕಫ್) ಬಿಗಿದು, ನಿಧಾನವಾಗಿ ಗಾಳಿ ಇಳಿಯುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳ ಉಬ್ಬಿ ಪಟ್ಟಿಯ ಗಾಳಿಯನ್ನು ಚೂರು ತಳ್ಳುತ್ತದೆ. ಸೆನ್ಸರ್ ಹಿಡಿಯುವುದು ಆ ಅಲುಗಾಟವನ್ನು.

ತಲೆ ಕೆಡುವುದು ಇಲ್ಲೇ. ಅಲುಗಾಟ ಮೇಲಿನ ಬಿಪಿಗೆ ಶುರುವಾಗಿ ಕೆಳಗಿನ ಬಿಪಿಗೆ ನಿಲ್ಲಬೇಕು ಅನಿಸುತ್ತದೆ, ಅಲ್ವಾ? ಹಾಗಿಲ್ಲ. 120/80 ಇರುವವರನ್ನೇ ತಗೊಳ್ಳಿ. ಪಟ್ಟಿಯ ಒತ್ತಡ 130ರಲ್ಲಿದ್ದಾಗ ನಾಳ ಮುಚ್ಚಿರುತ್ತದೆ, ಆದರೂ ರಕ್ತ ಪಟ್ಟಿಯ ಮೇಲಂಚಿಗೆ ಬಂದು ಗುದ್ದುವುದರಿಂದ ಸಣ್ಣ ಅಲುಗಾಟ ಇದ್ದೇ ಇರುತ್ತದೆ. 70ಕ್ಕೆ ಇಳಿದರೂ ನಿಲ್ಲುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಲುಗಾಟ ಬರುವುದು 93ರ ಆಸುಪಾಸು. ಯಾಕೆ ಅಲ್ಲೇ? ಪಟ್ಟಿಯ ಒತ್ತಡ ಜಾಸ್ತಿ ಇದ್ದರೆ ನಾಳ ಅಪ್ಪಚ್ಚಿ, ಉಬ್ಬಲು ಜಾಗವಿಲ್ಲ. ಕಡಿಮೆ ಇದ್ದರೆ ನಾಳದ ಗೋಡೆ ಆಗಲೇ ಬಿಗಿದು ನಿಂತಿರುತ್ತದೆ, ಬಡಿತ ಬಂದರೂ ಹೆಚ್ಚು ಹಿಗ್ಗುವುದಿಲ್ಲ. ಒಳಗಿನ, ಹೊರಗಿನ ಒತ್ತಡ ಸರಿಸಮ ಆದಾಗ ಗೋಡೆ ಸಡಿಲ, ಅದೇ ಬಡಿತಕ್ಕೆ ಜಾಸ್ತಿ ಉಬ್ಬುತ್ತದೆ. ಅದೇ ಸರಾಸರಿ ಒತ್ತಡ. ನನ್ನ ಪ್ರೀತಿಯ ಲೆಕ್ಕ: ಮೇಲಿನ, ಕೆಳಗಿನ ಸಂಖ್ಯೆಗಳ ಅಂತರದ ಮೂರನೇ ಒಂದು ಭಾಗವನ್ನು ಕೆಳಗಿನ ಸಂಖ್ಯೆಗೆ ಕೂಡಿಸಿ. ಅಂತರ 40, ಅದರಲ್ಲಿ 13, 80ಕ್ಕೆ ಕೂಡಿಸಿದರೆ 93. ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಬರೆಯಬಹುದು.

ಅಂದರೆ ಮೆಷಿನ್‌ಗೆ ನೇರವಾಗಿ ಸಿಗುವುದು ಸರಾಸರಿ ಮಾತ್ರ. ಮೇಲಿನದು, ಕೆಳಗಿನದು ಎರಡೂ ಲೆಕ್ಕ ಹಾಕಿ ತೆಗೆದವು. ಸಾಮಾನ್ಯವಾಗಿ ಅಲುಗಾಟ ಬೆಳೆಯುತ್ತಾ ಆ ದೊಡ್ಡ ಅಲುಗಾಟದ ಸುಮಾರು ಅರ್ಧದಷ್ಟು ಆದ ಕಡೆ ಮೇಲಿನದು, ಇಳಿಯುತ್ತಾ ಮುಕ್ಕಾಲಿನ ಹತ್ತಿರ ಬಂದ ಕಡೆ ಕೆಳಗಿನದು. ಈ ಪ್ರಮಾಣ ಕಂಪನಿಗೊಂದು ತರಹ, ಗುಟ್ಟು ಬಿಡುವುದಿಲ್ಲ. ಅದಕ್ಕೇ ಒಂದೇ ಕೈಗೆ ಎರಡು ಮೆಷಿನ್ ಎರಡು ಸಂಖ್ಯೆ ತೋರಿಸಬಹುದು.

ಇಷ್ಟು ತಿಳಿದರೆ ವಾರ್ಡಿನ ನಿಯಮಗಳು ಸುಮ್ನೆ ಬಾಯಿಪಾಠ ಅಲ್ಲ ಅಂತ ಗೊತ್ತಾಗುತ್ತದೆ. ಮಾತಾಡಿದರೆ, ಕೈ ಅಲುಗಿದರೆ ಸೆನ್ಸರ್‌ಗೆ ಅದೂ ಅಲುಗಾಟವೇ. ಪಟ್ಟಿ ಸಣ್ಣದಾದರೆ ಸಂಖ್ಯೆ ಜಾಸ್ತಿ ಬರುತ್ತದೆ. ತೋಳು ಎದೆಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 7–8 ಹೆಚ್ಚು. ಕಲಬುರಗಿಯ ಮೇ ಬಿಸಿಲಲ್ಲಿ ಸೂಪರ್ ಮಾರ್ಕೆಟ್‌ನಿಂದ ನಡೆದು ಬಂದ ಮುತ್ಯಾನ ಕೈಗೆ ಬಂದ ಕೂಡಲೇ ಪಟ್ಟಿ ಸುತ್ತಬೇಡಿ, 5 ನಿಮಿಷ ಕೂರಿಸಿ. ನಾಡಿ ಲಯ ತಪ್ಪಿದ್ದರೆ ಒಂದೊಂದು ಬಡಿತದ ಅಲುಗಾಟ ಒಂದೊಂದು ಗಾತ್ರ, ಲೆಕ್ಕವೇ ಹಳಿ ತಪ್ಪುತ್ತದೆ. ಅಂಥವರಿಗೆ ಒಂದಕ್ಕಿಂತ ಹೆಚ್ಚು ಸಲ ನೋಡಿ, ಸ್ಟೆತಸ್ಕೋಪ್ ಇಟ್ಟೂ ನೋಡಿ.