ಕಾಣದ ಬೋರ್ಡಿಗೆ 100 ಪೌಂಡ್ ಯಾಕೆ ಕಟ್ಟಬೇಕು?

"ಸೂಪರ್‌ಮಾರ್ಕೆಟ್‌ಗೆ ಹೋಗಿದ್ವಿ, ಪಾರ್ಕಿಂಗ್ ಫ್ರೀ ಅಂತ ಬರೆದಿತ್ತು. ಈಗ 100 ಪೌಂಡ್ ಕಟ್ಟಿ ಅಂತ ಲೆಟರ್ ಬಂದಿದೆ. 14 ದಿನದೊಳಗೆ ಕಟ್ಟಿದ್ರೆ 60 ಅಂತೆ. ಕಟ್ಟಿಬಿಡಲಾ?"

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರಿಂದ ನನಗೆ ಅತಿ ಹೆಚ್ಚು ಬರುವ ಫೋನ್ ಇದೇ. ಹೊಸದಾಗಿ ಬಂದ ಡಾಕ್ಟರು, ನರ್ಸು, ಐಟಿ ಹುಡುಗರು, ಎಲ್ಲರಿಗೂ ಒಂದೇ ಹೆದರಿಕೆ. ಲೆಟರಿನಲ್ಲಿ ಕ್ಯಾಮೆರಾ ಫೋಟೋ ಇರುತ್ತದೆ, ಕಾರಿನ ನಂಬರ್ ಇರುತ್ತದೆ, ಕೋರ್ಟಿನ ಮಾತೂ ಇರುತ್ತದೆ. ವೀಸಾಗೆ ತೊಂದರೆ ಆದೀತೇನೋ ಅಂತ ಅದೇ ರಾತ್ರಿ ಕಾರ್ಡ್ ತೆಗೆದು ಕಟ್ಟಿಬಿಡುತ್ತಾರೆ. ಕಟ್ಟುವ ಮುಂಚೆ ಒಂದು ಕೆಲಸ ಮಾಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಅದೇ ಕಾರ್ ಪಾರ್ಕಿಗೆ ವಾಪಸ್ ಹೋಗಿ, ಅಲ್ಲಿನ ಬೋರ್ಡುಗಳ ಫೋಟೋ ತೆಗೆಯಿರಿ.

ಯಾಕೆ ಅಂದರೆ, ಇದು ಸರ್ಕಾರದ ದಂಡ ಅಲ್ಲ. ಕೌನ್ಸಿಲ್ಲಿನವರು (ನಮ್ಮ ನಗರಸಭೆ ಇದ್ದ ಹಾಗೆ) ಹಾಕುವುದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಖಾಸಗಿ ಕಂಪನಿ ಕಳಿಸುವುದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡನ್ನೂ ಪಿಸಿಎನ್ ಅಂತಲೇ ಕರೆಯುತ್ತಾರೆ, ಹಾಗಾಗಿ ಜನ ಮೋಸ ಹೋಗುತ್ತಾರೆ. ಖಾಸಗಿ ಕಂಪನಿಗೆ ದಂಡ ಹಾಕುವ ಅಧಿಕಾರವೇ ಇಲ್ಲ. ಅವರು ಹೇಳುವುದು ಇಷ್ಟು: ನೀವು ಗಾಡಿ ನಿಲ್ಲಿಸಿದಾಗ ನಮ್ಮ ಜೊತೆ ಒಂದು ಕರಾರು ಆಯಿತು, ಅದನ್ನು ಮುರಿದಿದ್ದೀರಿ. ಆ ಕರಾರು ಎಲ್ಲಿದೆ? ನೀವು ಸಹಿ ಹಾಕಿಲ್ಲ, ಯಾರ ಜೊತೆಗೂ ಮಾತಾಡಿಲ್ಲ. ಇರುವುದು ಕಂಬದ ಮೇಲಿನ ಬೋರ್ಡ್ ಮಾತ್ರ. ಬೋರ್ಡ್ ಸರಿ ಇಲ್ಲದಿದ್ದರೆ ಅವರ ಇಡೀ ವಾದಕ್ಕೆ ಬುಡವೇ ಇಲ್ಲ.

"2015ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟು ಕಂಪನಿ ಪರ ತೀರ್ಪು ಕೊಟ್ಟಾಯ್ತಲ್ಲ" ಅನ್ನುವವರಿದ್ದಾರೆ. ನಿಜ. ಪಾರ್ಕಿಂಗ್‌ಐ ವಿರುದ್ಧ ಬೀವಿಸ್, 4 ನವೆಂಬರ್ 2015ರ ತೀರ್ಪು (ಪಾರ್ಕಿಂಗ್‌ಐ ಅನ್ನುವುದು ಖಾಸಗಿ ಪಾರ್ಕಿಂಗ್ ಕಂಪನಿ). ಚೆಲ್ಮ್ಸ್‌ಫರ್ಡಿನ ಒಂದು ರೀಟೇಲ್ ಪಾರ್ಕಿನಲ್ಲಿ ಎರಡು ಗಂಟೆ ಉಚಿತ ಇತ್ತು. ಬ್ಯಾರಿ ಬೀವಿಸ್ 56 ನಿಮಿಷ ಜಾಸ್ತಿ ನಿಲ್ಲಿಸಿದರು, 85 ಪೌಂಡ್ ಚಾರ್ಜ್ ಬಂತು. ಅವರು ಕೊನೆಯವರೆಗೂ ಹೋರಾಡಿ ಸೋತರು. ಆದರೆ ಆ ತೀರ್ಪನ್ನು ಪೂರ್ತಿ ಓದಿ. ಅಲ್ಲಿ ಸುಮಾರು 20 ಬೋರ್ಡುಗಳಿದ್ದವು. ಒಳಗೆ ಬರುವಾಗಲೂ ಕಾಣುತ್ತಿದ್ದವು, ಒಳಗೆಲ್ಲ ಕಡೆಯೂ ಕಾಣುತ್ತಿದ್ದವು. 85 ಪೌಂಡ್ ಅನ್ನುವುದು ದೊಡ್ಡದಾಗಿ, ಕಣ್ಣಿಗೆ ರಾಚುವ ಹಾಗೆ ಇತ್ತು. ಬೋರ್ಡುಗಳು ದೊಡ್ಡದಾಗಿವೆ, ಎದ್ದು ಕಾಣುತ್ತವೆ, ಓದಲು ಬರುತ್ತವೆ ಎಂದು ಕೋರ್ಟು ಗಮನಿಸಿತು. ಮೊತ್ತ ಅತಿಯಾಗಿಲ್ಲ, ಅಂಗಡಿಗಳ ಮುಂದೆ ಜಾಗ ಖಾಲಿಯಾಗುತ್ತಿರಬೇಕು ಅನ್ನುವ ಉದ್ದೇಶವೂ ನ್ಯಾಯವಾದದ್ದೇ ಎಂದೂ ಹೇಳಿತು.

ಹಾಗಾಗಿ ಬೀವಿಸ್ ತೀರ್ಪನ್ನು ಕಂಪನಿಯವರು ತೋರಿಸಿದಾಗ ನಾನು ಹೆದರುವುದಿಲ್ಲ, ಅದನ್ನೇ ಕೈಗೆತ್ತಿಕೊಳ್ಳುತ್ತೇನೆ. ಆ ಬೋರ್ಡು ಹೀಗಿತ್ತು, ನಿಮ್ಮ ಬೋರ್ಡು ಹೇಗಿದೆ ತೋರಿಸಿ ಎನ್ನುತ್ತೇನೆ. ಬಹಳ ಕಡೆ ಉತ್ತರ ಅಲ್ಲೇ ತಡವರಿಸುತ್ತದೆ.

ನಾನು ಪದೇ ಪದೇ ನೋಡುವ ಒಂದು ಬಗೆಯ ಬೋರ್ಡನ್ನು ವಿವರಿಸುತ್ತೇನೆ. ಮೇಲೆ ಅಂಗೈ ಅಗಲದ ಅಕ್ಷರದಲ್ಲಿ 'ಗ್ರಾಹಕರಿಗೆ 90 ನಿಮಿಷ ಉಚಿತ ಪಾರ್ಕಿಂಗ್'. ಅದರ ಕೆಳಗೆ, ಅರ್ಧಕ್ಕರ್ಧ ಚಿಕ್ಕದಾಗಿ, ಅಂಗಡಿ ಒಳಗಿನ ಟ್ಯಾಬ್ಲೆಟ್‌ನಲ್ಲಿ ಕಾರಿನ ನಂಬರ್ ಹಾಕಬೇಕು ಅನ್ನುವ ಸಾಲು. ಅದಕ್ಕೂ ಕೆಳಗೆ, ಮಾತ್ರೆ ಸ್ಟ್ರಿಪ್ಪಿನ ಹಿಂಬದಿ ಇರುವಂಥ ಸಣ್ಣ ಅಕ್ಷರದ ಪ್ಯಾರಾ. 100 ಪೌಂಡ್ ಅನ್ನುವುದು ಇರುವುದು ಆ ಪ್ಯಾರಾದ ಮಧ್ಯದಲ್ಲಿ. ಬೋರ್ಡು ನೆಲದಿಂದ ಎಂಟು ಅಡಿ ಮೇಲಿದೆ. ಒಳಗೆ ಹೋದರೆ ಟ್ಯಾಬ್ಲೆಟ್ ಹೂವಿನ ಬಕೆಟ್ಟುಗಳ ಹಿಂದೆ. ಮಗುವನ್ನು ಟ್ರಾಲಿಯಲ್ಲಿ ಕೂರಿಸಿಕೊಂಡು ಹಾಲು, ಬ್ರೆಡ್ಡು ತರಲು ಬಂದ ತಾಯಿಗೆ ಕಂಡದ್ದು 'ಉಚಿತ' ಅನ್ನುವುದೊಂದೇ. ಅವಳು 25 ನಿಮಿಷದಲ್ಲಿ ಹೊರಟಿದ್ದಾಳೆ. ಆದರೂ ಲೆಟರ್ ಬರುತ್ತದೆ. ಇದು ಅನ್ಯಾಯ. ಇದನ್ನು ಸುಮ್ನೆ ಒಪ್ಪಿಕೊಳ್ಳಬಾರದು.

ಕಾನೂನು ಇಂಥ ಕಡೆ ಜನರ ಕೈ ಬಿಟ್ಟಿಲ್ಲ. 1971ರ ಥಾರ್ನ್‌ಟನ್ ಕೇಸು ಕೂಡ ಕಾರ್ ಪಾರ್ಕಿನದ್ದೇ. ಜಡ್ಜ್ ಲಾರ್ಡ್ ಡೆನ್ನಿಂಗ್ ಅಲ್ಲಿ ಹೇಳಿದ್ದರ ಸಾರ ಇಷ್ಟು: ಕರಾರು ಆದ ಮೇಲೆ ತೋರಿಸಿದ ಷರತ್ತಿಗೆ ಗಿರಾಕಿ ಬದ್ಧನಲ್ಲ, ಷರತ್ತು ಎಷ್ಟು ಕಠಿಣವೋ ಅದನ್ನು ಅಷ್ಟೇ ಎದ್ದು ಕಾಣುವಂತೆ ತೋರಿಸಬೇಕು. 2000ದ ವೈನ್ ಕೇಸಿನಲ್ಲಿ ಆಸ್ಪತ್ರೆಯಿಂದ ಬರುತ್ತಿದ್ದ ಹೆಂಗಸೊಬ್ಬರು ಮೈ ಸರಿಯಿಲ್ಲದೆ ಗಾಡಿ ನಿಲ್ಲಿಸಿ ಇಳಿದರು. ಬಂದು ನೋಡಿದರೆ ಚಕ್ರಕ್ಕೆ ಕ್ಲ್ಯಾಂಪ್. ಎಚ್ಚರಿಕೆಯ ಬೋರ್ಡಿಗೆ ಒಂದು ರೇಂಜ್ ರೋವರ್ ಅಡ್ಡ ನಿಂತಿತ್ತು. ಅವರು ಬೋರ್ಡನ್ನು ನೋಡಿಯೇ ಇರಲಿಲ್ಲ, ಹಾಗಾಗಿ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ ಎಂದು ಅಪೀಲು ಕೋರ್ಟು ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಬಚ್ಚಿಡಬಾರದು: ಯಾರಿಗಾದರೂ ಕಾಣಲೇಬೇಕಾದಂಥ ಕಡೆ ಬೋರ್ಡು ಹಾಕಿದ್ದರೆ, ನೋಡಲಿಲ್ಲ ಎಂದವರನ್ನು ಕೋರ್ಟು ಸಾಮಾನ್ಯವಾಗಿ ನಂಬುವುದಿಲ್ಲ.

ಇದರ ಜೊತೆಗೆ 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಇದೆ. ಅದರ 68ನೇ ಸೆಕ್ಷನ್ ಪ್ರಕಾರ ಗ್ರಾಹಕರಿಗೆ ಹಾಕಿದ ಬರಹ ಸರಳ ಭಾಷೆಯಲ್ಲಿ, ಓದಲು ಬರುವಂತೆ ಇರಬೇಕು. 69ನೇ ಸೆಕ್ಷನ್ ನನಗೆ ಬಹಳ ಇಷ್ಟ. ಬರಹಕ್ಕೆ ಎರಡು ಅರ್ಥ ಬರುತ್ತದೆ ಅಂದರೆ ಗ್ರಾಹಕನಿಗೆ ಅನುಕೂಲವಾದ ಅರ್ಥವೇ ನಿಲ್ಲುತ್ತದೆ. ಒಂದು ಬೋರ್ಡಿನಲ್ಲಿ ಎರಡು ಗಂಟೆ, ಪಕ್ಕದ ಹಳೇ ಬೋರ್ಡಿನಲ್ಲಿ ಮೂರು ಗಂಟೆ ಅಂತ ಇದ್ದರೆ ಏನಾಗಬೇಕು ಅಂತ ನೀವೇ ಹೇಳಬಹುದು, ಅಲ್ವಾ?

ಈಗ ಫೋಟೋ ವಿಷಯ. ಇಲ್ಲಿ ಅವಸರ ಬೇಕು. ಬೋರ್ಡು ಬದಲಾಯಿಸುವುದು ಅವರಿಗೆ ಅರ್ಧ ಗಂಟೆಯ ಕೆಲಸ. ಪಾರ್ಕಿಂಗ್ ಕಂಪನಿಗಳ ಎರಡು ಸಂಘಗಳು, ಬಿಪಿಎ ಮತ್ತು ಐಪಿಸಿ, ಸೇರಿ ತಂದ ಹೊಸ ನಿಯಮಾವಳಿ 1 ಅಕ್ಟೋಬರ್ 2024ರಿಂದ ಜಾರಿಯಲ್ಲಿದೆ. ಹಳೇ ಜಾಗಗಳ ಬೋರ್ಡು ಸರಿಪಡಿಸಲು 2026ರ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಅಂದರೆ ಇವತ್ತು ಇರುವ ಬೋರ್ಡು ಮುಂದಿನ ತಿಂಗಳು ಇರುತ್ತದೆ ಅನ್ನುವ ಖಾತರಿ ಇಲ್ಲ.

ಮೊದಲು ಒಳಗೆ ಬರುವ ದಾರಿಯಲ್ಲಿ ಡ್ರೈವರ್ ಸೀಟಿನ ಎತ್ತರದಿಂದ ತೆಗೆಯಿರಿ (ಗಾಡಿ ಓಡಿಸುತ್ತಾ ಬೇಡ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ). ಆಮೇಲೆ ನೀವು ನಿಲ್ಲಿಸಿದ ಜಾಗದಲ್ಲಿ ನಿಂತು ಸುತ್ತಲೂ ತೆಗೆಯಿರಿ, ಎಷ್ಟು ಬೋರ್ಡು ಕಾಣುತ್ತದೆ, ಎಷ್ಟು ದೂರದಲ್ಲಿದೆ ಅಂತ ತಿಳಿಯಲಿ. ಹತ್ತಿರ ಹೋಗಿ, 100 ಪೌಂಡ್ ಬರೆದಿರುವ ಸಾಲಿನ ಪಕ್ಕ ಕೈ ಇಟ್ಟು ತೆಗೆಯಿರಿ, ಅಕ್ಷರದ ಗಾತ್ರ ಗೊತ್ತಾಗುತ್ತದೆ. ನೀವು ಹೋಗಿದ್ದು ಕತ್ತಲಾದ ಮೇಲೆ ಆದರೆ ಫೋಟೋನೂ ಕತ್ತಲಾದ ಮೇಲೇ ಬೇಕು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಬರ್ಮಿಂಗ್‌ಹ್ಯಾಮ್ ಕಡೆಯ ಒಬ್ಬ ನರ್ಸ್ ಡ್ಯೂಟಿ ಮುಗಿಸಿ ಹೋಗಿ ತೆಗೆದ ಫೋಟೋದಲ್ಲಿ ಕಂಬ ಇತ್ತು, ಬೋರ್ಡಿನ ಜಾಗದಲ್ಲಿ ಕಪ್ಪು ಚೌಕ ಇತ್ತು, ಅಷ್ಟೇ. ಕಂಪನಿ ತನ್ನ ಉತ್ತರದ ಜೊತೆ ಕಳಿಸಿದ್ದು ಕಂಪ್ಯೂಟರಿನಲ್ಲಿ ಮಾಡಿದ ಬೋರ್ಡಿನ ಡಿಸೈನ್, ಬಿಳಿ ಹಾಳೆಯ ಮೇಲೆ ಫಳಫಳ ಅನ್ನುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಅಪೀಲು ಹಾಕಿದೆವು. ಚಾರ್ಜ್ ರದ್ದಾಯಿತು. ಆ ಡಿಸೈನ್ ಚಿತ್ರಗಳಿಗೆ ಯಾರೂ ಮರುಳಾಗಬೇಡಿ. ಆ ದಿನ, ಆ ಜಾಗದಲ್ಲಿ ಇದ್ದ ಬೋರ್ಡಿನ ತಾರೀಖು ಸಹಿತ ಫೋಟೋ ಕೊಡಿ ಅಂತ ಕೇಳಿ. 2011ರಲ್ಲಿ ಸ್ಟಾಕ್‌ಪೋರ್ಟಿನ ಒಂದು ಕೇಸಿನಲ್ಲಿ ಜಡ್ಜ್ ತಾವೇ ಹೋಗಿ ಬೋರ್ಡು ನೋಡಿ ಬಂದು ಗಾಡಿಯವರ ಪರ ತೀರ್ಪು ಕೊಟ್ಟರು. ಜಾಗದ ಸಾಕ್ಷಿಗೆ ಇರುವ ಬೆಲೆ ಅದು.

ಅಪೀಲಿಗೆ ಮುಂಚೆ ಅಂಗಡಿಯ ಮ್ಯಾನೇಜರ್ ಹತ್ತಿರ ಹೋಗಿ. ಬಿಲ್ಲು ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ. ಪಾರ್ಕಿಂಗ್ ಕಂಪನಿಯನ್ನು ಕರೆತಂದದ್ದು ಬಹುತೇಕ ಅವರೇ ಅಥವಾ ಅವರ ಜಾಗದ ಮಾಲೀಕರು. ಒಂದು ಇಮೇಲಿನಲ್ಲಿ ರದ್ದು ಮಾಡಿಸುವ ಶಕ್ತಿ ಅವರಿಗಿದೆ. ಮ್ಯಾನೇಜರ್ ಕೈ ಚೆಲ್ಲಿದರೆ ಅವರ ಹೆಡ್ ಆಫೀಸಿಗೆ ಬರೆಯಿರಿ.

ಕಂಪನಿಗೆ ಅಪೀಲು ಹಾಕಲು 28 ದಿನ ಇರುತ್ತದೆ. ಬರೆಯುವಾಗ 'ನಾನು ಈ ಗಾಡಿಯ ರಿಜಿಸ್ಟರ್ಡ್ ಕೀಪರ್' (ಅಂದರೆ ದಾಖಲೆಯಲ್ಲಿ ಗಾಡಿ ಯಾರ ಹೆಸರಿನಲ್ಲಿದೆಯೋ ಅವರು) ಅಂತ ಬರೆಯಿರಿ. ಯಾರು ಓಡಿಸುತ್ತಿದ್ದರು ಅಂತ ನೀವಾಗಿ ಹೇಳಬೇಕಾಗಿಲ್ಲ. ಸುಳ್ಳು ಮಾತ್ರ ಹೇಳಬೇಡಿ. ಇದಕ್ಕೆ ಕಾರಣ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್. ಕ್ಯಾಮೆರಾ ನೋಡಿ ಹಾಕಿದ ಚಾರ್ಜ್ ಆದರೆ, ಗಾಡಿ ನಿಲ್ಲಿಸಿದ ಮಾರನೇ ದಿನದಿಂದ 14 ದಿನದೊಳಗೆ ನೋಟಿಸ್ ಕೀಪರ್ ಕೈ ಸೇರಬೇಕು. ಇಲ್ಲದಿದ್ದರೆ ಕೀಪರಿನಿಂದ ವಸೂಲಿ ಮಾಡುವಂತಿಲ್ಲ, ಡ್ರೈವರನ್ನೇ ಹುಡುಕಬೇಕು. ಕವರಿನ ಮೇಲಿನ ತಾರೀಖು ನೋಡಿ. ಈ ಕೀಪರ್ ನಿಯಮ ಇಂಗ್ಲೆಂಡ್ ಮತ್ತು ವೇಲ್ಸಿನದ್ದು, ಸ್ಕಾಟ್ಲೆಂಡಿನಲ್ಲಿರುವವರು ಅಲ್ಲಿನ ಸಲಹೆ ಕೇಳಿ.

ಸಮಯದ ಲೆಕ್ಕವನ್ನೂ ನೋಡಿಕೊಳ್ಳಿ. ಗೇಟಿನ ಕ್ಯಾಮೆರಾ ಅಳೆಯುವುದು ಒಳಗೆ ಬಂದ ಮತ್ತು ಹೊರಗೆ ಹೋದ ಹೊತ್ತನ್ನು, ನಿಲ್ಲಿಸಿದ ಹೊತ್ತನ್ನಲ್ಲ. ಸಮಯ ಮುಗಿದ ಮೇಲೆ ಕನಿಷ್ಠ 10 ನಿಮಿಷ ಬಿಡಬೇಕು ಅಂತ ಅವರದೇ ನಿಯಮಾವಳಿ ಹೇಳುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋದರೆ ಎರಡನ್ನೂ ಸೇರಿಸಿ ಒಂದೇ ಅಂತ ಕ್ಯಾಮೆರಾ ಓದುವುದೂ ಉಂಟು.

ಕಂಪನಿ ಅಪೀಲು ತಳ್ಳಿಹಾಕಿದರೆ ಮುಂದಿನ ಮೆಟ್ಟಿಲು ಎರಡನೇ ಅಪೀಲು ಕೇಳುವ ಸಂಸ್ಥೆ: ಕಂಪನಿ ಬಿಪಿಎ ಸದಸ್ಯ ಆದರೆ ಪಾಪ್ಲಾ, ಐಪಿಸಿ ಸದಸ್ಯ ಆದರೆ ಐಎಎಸ್ (ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್). ಪಾಪ್ಲಾ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು, ನೀವು ಬಾಗಬೇಕಿಲ್ಲ. ಅಲ್ಲಿಗೆ ಹೋದರೆ 60 ಪೌಂಡಿಗೇ ಮುಗಿಸುವ ರಿಯಾಯಿತಿ ಸಾಮಾನ್ಯವಾಗಿ ಕೈ ತಪ್ಪುತ್ತದೆ, ಆದ್ದರಿಂದ ಫೋಟೋ ಗಟ್ಟಿಯಾಗಿದ್ದರೆ ಮಾತ್ರ ಮುಂದುವರಿಯಿರಿ.

ನಿಲ್ಲದ ವಾದಗಳನ್ನೂ ಹೇಳಿಬಿಡುತ್ತೇನೆ. 'ಬೋರ್ಡಿತ್ತು, ನಾನು ಓದಲಿಲ್ಲ' ಅನ್ನುವುದು ನಿಲ್ಲುವುದಿಲ್ಲ. 'ಒಳಗೆ ಇಷ್ಟು ಖರ್ಚು ಮಾಡಿದ್ದೇನೆ' ಅನ್ನುವುದು ಮ್ಯಾನೇಜರ್ ಹತ್ತಿರ ನಡೆಯುತ್ತದೆ, ಕೋರ್ಟಿನಲ್ಲಿ ಕಷ್ಟ. 'ಬೋರ್ಡಿಗೆ ಕೌನ್ಸಿಲ್ ಪ್ಲ್ಯಾನಿಂಗ್ ಅನುಮತಿ ಇಲ್ಲ' ಅನ್ನುವುದನ್ನು ಜಡ್ಜ್‌ಗಳು ಹೆಚ್ಚಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸಾಲ ವಸೂಲಿಯವರ ಲೆಟರುಗಳಲ್ಲಿ 70 ಪೌಂಡ್ ಸೇರಿಸಿರುತ್ತಾರೆ. ಅವರು ಬೇಲಿಫ್ (ಜಪ್ತಿ ಮಾಡುವ ಅಧಿಕಾರಿ) ಅಲ್ಲ, ಮನೆ ಸಾಮಾನು ಮುಟ್ಟುವ ಹಕ್ಕು ಅವರಿಗಿಲ್ಲ. ಆದರೆ 'ಲೆಟರ್ ಬಿಫೋರ್ ಕ್ಲೇಮ್' (ಕೋರ್ಟಿಗೆ ಹೋಗುವ ಮುಂಚಿನ ಎಚ್ಚರಿಕೆ) ಬಂದರೆ 30 ದಿನದೊಳಗೆ ಉತ್ತರ ಕೊಡಿ. ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್ ಬಂತು ಅಂದರೆ ಒಂದು ದಿನವೂ ತಡ ಬೇಡ. ಅದು ತಲುಪಿದ 14 ದಿನದೊಳಗೆ, ಕೈ ಸೇರಿತು ಎಂದು ತಿಳಿಸುವ ಅಕ್ನಾಲೆಜ್‌ಮೆಂಟ್ ಹಾಕಿದರೆ ಡಿಫೆನ್ಸ್ ಬರೆಯಲು ಒಟ್ಟು 28 ದಿನ ಸಿಗುತ್ತದೆ. ಸುಮ್ಮನೆ ಕೂತರೆ ಬೋರ್ಡು ಎಷ್ಟೇ ಕೆಟ್ಟದಾಗಿದ್ದರೂ ನಿಮ್ಮ ವಿರುದ್ಧ ತೀರ್ಪು ಬರುತ್ತದೆ. ಒಂದು ತಿಂಗಳಲ್ಲಿ ಪೂರ್ತಿ ಕಟ್ಟದಿದ್ದರೆ ಆ ಸಿಸಿಜೆ (ಕೌಂಟಿ ಕೋರ್ಟಿನ ತೀರ್ಪು) ಆರು ವರ್ಷ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ, ಮಾರ್ಟ್‌ಗೇಜ್ ಕೇಳಲು ಹೋದಾಗ ಎದುರಿಗೆ ಬರುತ್ತದೆ. ಮನೆ ಬದಲಾಯಿಸಿದವರು, ಗಾಡಿಗಳ ದಾಖಲೆ ಇಡುವ ಸರ್ಕಾರಿ ಕಚೇರಿಯಾದ ಡಿವಿಎಲ್‌ಎಯಲ್ಲಿ ಗಾಡಿಯ ವಿಳಾಸ ಬದಲಾಯಿಸಿದ್ದೀರಾ ಅಂತ ಇವತ್ತೇ ನೋಡಿ. ಕಂಪನಿಗಳು ಒಂದು ಹೆಸರಿಗೆ 2.50 ಪೌಂಡ್ ಕೊಟ್ಟು ಅಲ್ಲಿಂದಲೇ ವಿಳಾಸ ತೆಗೆದುಕೊಳ್ಳುತ್ತವೆ. ಹಳೇ ಮನೆಗೆ ಹೋದ ಕೋರ್ಟಿನ ಕಾಗದ ನಿಮಗೆ ಗೊತ್ತೇ ಆಗುವುದಿಲ್ಲ.

ಚಾರ್ಜ್ ರದ್ದಾದ ಮೇಲೆ ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಬೋರ್ಡು ಅಲ್ಲೇ ಇರುತ್ತದೆ, ಮುಂದಿನವರು ಅದೇ ಹಳ್ಳಕ್ಕೆ ಬೀಳುತ್ತಾರೆ. ದಯವಿಟ್ಟು ಇನ್ನೊಂದು ಲೆಟರ್ ಬರೆಯಿರಿ. ತಪ್ಪು ದಾರಿಗೆಳೆಯುವ ಮಾಹಿತಿ ಕೊಟ್ಟು, ಮುಖ್ಯ ವಿಷಯ ಮುಚ್ಚಿಟ್ಟು ವ್ಯಾಪಾರ ಮಾಡುವುದು ಡಿಜಿಟಲ್ ಮಾರ್ಕೆಟ್ಸ್, ಕಾಂಪಿಟಿಷನ್ ಅಂಡ್ ಕನ್ಸ್ಯೂಮರ್ಸ್ ಆಕ್ಟ್ 2024ರ ಪ್ರಕಾರ ಕಾನೂನುಬಾಹಿರ, ಆ ಭಾಗ 6 ಏಪ್ರಿಲ್ 2025ರಿಂದ ಜಾರಿಯಲ್ಲಿದೆ. ಅದೇ ಫೋಟೋಗಳನ್ನು ಅಂಗಡಿಯ ಹೆಡ್ ಆಫೀಸಿಗೆ ಮತ್ತು ಕಂಪನಿ ಸದಸ್ಯವಾಗಿರುವ ಸಂಘಕ್ಕೆ, ಬಿಪಿಎ ಅಥವಾ ಐಪಿಸಿಗೆ, ಕಳಿಸಿ. ಯಾವ ಬೋರ್ಡು, ಯಾವ ಕಂಬ, ಏನು ತಪ್ಪು, ಎಷ್ಟು ದಿನದಲ್ಲಿ ಸರಿ ಮಾಡುತ್ತೀರಿ ಅಂತ ಕೇಳಿ. ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಗೂ ಹೇಳಿ, ಅವರು ದೂರನ್ನು ವ್ಯಾಪಾರದ ಅಕ್ರಮ ನೋಡಿಕೊಳ್ಳುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ಮುಟ್ಟಿಸುತ್ತಾರೆ. ಒಂದೇ ಕಾರ್ ಪಾರ್ಕಿನ ಬಗ್ಗೆ ನಾಲ್ಕು ಮನೆಯಿಂದ ದೂರು ಹೋದರೆ ಅದರ ತೂಕವೇ ಬೇರೆ, ಹಾಗಾಗಿ ನಿಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಆ ಬೋರ್ಡಿನ ಫೋಟೋ ಹಾಕಿ, ಇನ್ಯಾರಿಗೆ ಲೆಟರ್ ಬಂದಿದೆ ಅಂತ ವಿಚಾರಿಸಿ.