ಮೊದಲ ಸರದಿ ನೀರಿನ ಗೋಳಕ್ಕೆ

ಹಲವು ವಿಭಾಗಗಳು ಹಂಚಿಕೊಂಡು ಬಳಸುವ ಮಿದುಳು ಚಿತ್ರಣ ಕೇಂದ್ರದಲ್ಲಿ ಎಂಆರ್‌ಐ ಯಂತ್ರದ ಉಸ್ತುವಾರಿ ನೋಡಿಕೊಳ್ಳುವ ನನ್ನ ಬಳಿ ಮೈಸೂರಿನ ಸಂಶೋಧನಾ ವಿದ್ಯಾರ್ಥಿಗಳು ತರುವ ದೂರು ಬಹುತೇಕ ಒಂದೇ: ಬೆಳಗಿನ ಮೊದಲ ಅರ್ಧ ಗಂಟೆಯನ್ನು ಯಾರಿಗೂ ಏಕೆ ಕೊಡುವುದಿಲ್ಲ? ಆ ಸರದಿ, ನಾವು ಫ್ಯಾಂಟಮ್ ಎನ್ನುವ, ದ್ರವ ತುಂಬಿದ ಪ್ಲಾಸ್ಟಿಕ್ ಗೋಳದ್ದು.

ಮಿದುಳಿನ ಯಾವುದಾದರೂ ಭಾಗ ಚುರುಕಾದಾಗ ಅಲ್ಲಿಗೆ ಆಮ್ಲಜನಕಭರಿತ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗೂ ಕಾಂತಗುಣ ಬೇರೆಯಾದ್ದರಿಂದ ಯಂತ್ರಕ್ಕೆ ಸಿಗುವ ಸಂಕೇತ ಬದಲಾಗುತ್ತದೆ. ವಿಜ್ಞಾನಿ ಸೆಯಿಜಿ ಒಗಾವ ಮತ್ತು ಸಹೋದ್ಯೋಗಿಗಳು 1990ರಲ್ಲಿ ತೋರಿಸಿಕೊಟ್ಟ ಈ ಪರಿಣಾಮವೇ, ಕೆಲಸದಲ್ಲಿ ತೊಡಗಿರುವ ಮಿದುಳನ್ನು ಚಿತ್ರಿಸುವ ಎಂಆರ್‌ಐ ವಿಧಾನವಾದ ಎಫ್‌ಎಂಆರ್‌ಐನ ಬುನಾದಿ. ಆದರೆ 3 ಟೆಸ್ಲಾದಷ್ಟು (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಪ್ರಬಲ ಯಂತ್ರದಲ್ಲೂ ಆ ಬದಲಾವಣೆ ಶೇಕಡ 1ರ ಆಸುಪಾಸಿನದು, ಅದು ಶಿಖರ ಮುಟ್ಟುವುದೂ 5–6 ಸೆಕೆಂಡು ತಡವಾಗಿ. ಯಂತ್ರದ ಸಂಕೇತ ತಾನಾಗಿಯೇ ಅಷ್ಟು ಏರಿಳಿಯಬಲ್ಲದು. ಗೋಳಕ್ಕೆ ಯೋಚನೆಯಿಲ್ಲ, ಉಸಿರಿಲ್ಲ. ಅದರಲ್ಲಿ ಕಂಡ ಏರಿಳಿತವೆಲ್ಲ ಯಂತ್ರದ್ದೇ.

ಕಾದಿರಿಸಿದ ಒಂದು ಗಂಟೆಯೆಂದರೆ ಒಂದು ಗಂಟೆಯ ದತ್ತಾಂಶ ಎಂಬ ಲೆಕ್ಕ ಇನ್ನೊಂದು ಕಡೆಯೂ ತಪ್ಪುತ್ತದೆ. ಮಂಡ್ಯದ ಕಡೆಯಿಂದ ಕನ್ನಡ ಓದಿನ ಅಧ್ಯಯನಕ್ಕೆ ಬಂದಿದ್ದ ಗೃಹಿಣಿಯೊಬ್ಬರು ಹೇರ್‌ಪಿನ್, ಕಾಲುಂಗುರಗಳನ್ನು ತೆಗೆದಿಟ್ಟು ತಾಳಿಯ ವಿಷಯಕ್ಕೆ ಬಂದಾಗ ತಡೆದು ನಿಂತುಬಿಟ್ಟರು. "ಚಿನ್ನವನ್ನೂ ಅಯಸ್ಕಾಂತ ಎಳೀತದಾ ಸಾರ್?" ಎಂಬ ಅವರ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಎಳೆಯುವುದಿಲ್ಲ, ಆದರೆ ಬದಲಾಗುವ ಕ್ಷೇತ್ರಗಳಿಂದ ಸರದಲ್ಲಿ ವಿದ್ಯುತ್ ಪ್ರೇರಿತವಾಗಿ ಅದು ಬಿಸಿಯಾಗಬಹುದು, ತಲೆಯ ಸಮೀಪವಿರುವುದರಿಂದ ಚಿತ್ರವೂ ಕೆಡಬಹುದು. ನಮ್ಮ ರೇಡಿಯೋಗ್ರಾಫರ್ ಮೇಜಿನ ಖಾನೆಯಿಂದ ಹತ್ತಿಯ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು ತೆಗೆದುಕೊಟ್ಟರು. ದೇವರಾಜ ಮಾರುಕಟ್ಟೆಯಿಂದ ತಂದು ಇಟ್ಟುಕೊಂಡಿರುತ್ತಾರೆ, ಯಾವ ಕೈಪಿಡಿಯಲ್ಲೂ ಇಲ್ಲದ ಉಪಕರಣ. ಅದನ್ನು ಕಟ್ಟಿಕೊಂಡ ಮೇಲೆಯೇ ಅವರು ಒಳಗೆ ಬಂದರು. ಇಪ್ಪತ್ತು ನಿಮಿಷ ಹೋಯಿತೆಂದು ಆ ಅಧ್ಯಯನ ನಡೆಸುತ್ತಿದ್ದ ವಿದ್ಯಾರ್ಥಿ ಸಿಡಿಮಿಡಿಗೊಂಡ. ಬರಿಗೊರಳ ಅಳುಕಿನಲ್ಲಿ ಅವರು ಮತ್ತೆ ಮತ್ತೆ ಕೈಯೆತ್ತಿ ಮುಟ್ಟಿ ನೋಡಿಕೊಂಡಿದ್ದರೆ ತಲೆ ಎರಡು ಮೂರು ಮಿಲಿಮೀಟರ್ ಅಲುಗುತ್ತಿತ್ತು, ಇಡೀ ಗಂಟೆಯೇ ಹೋಗುತ್ತಿತ್ತು.

ಕೆಲವು ತಿಂಗಳ ಬಳಿಕ ಅದೇ ವಿದ್ಯಾರ್ಥಿಯ ಚಿತ್ರಗಳಲ್ಲಿ ಎಡಪಾರ್ಶ್ವ ಮಂಕಾಗಿ ಕಂಡಿತು. ಓದಿನ ವೇಳೆ ಚುರುಕಾಗುವುದು ಬಹುಪಾಲು ಜನರಲ್ಲಿ ಎಡಭಾಗವೇ ಆದ್ದರಿಂದ ಅವನ ಗಾಬರಿ ಸಹಜವಾಗಿತ್ತು. ಗೋಳದ ಪ್ರತಿದಿನದ ಸ್ಕ್ಯಾನ್‌ಗಳ ದಾಖಲೆ ತೆಗೆದು ನೋಡಿದೆವು: ತಲೆಯ ಸುತ್ತ ಕೂತು ಸಂಕೇತ ಹಿಡಿಯುವ ಹೆಡ್ ಕಾಯಿಲ್‌ನ ಒಂದು ಚಾನೆಲ್ (ಸಂಕೇತ ಹಿಡಿಯುವ ಒಂದು ಭಾಗ) ಸೋತದ್ದು ಹಿಂದಿನ ಮಂಗಳವಾರದಿಂದ. ವಿದ್ಯಾರ್ಥಿ ಅಂದಿನಿಂದ ಮಾಡಿದ್ದ ಎರಡು ದಿನಗಳ ಸ್ಕ್ಯಾನ್ ಮಾತ್ರ ಕೈಬಿಟ್ಟು, ಆ ದಿನಗಳಲ್ಲಿ ಬಂದಿದ್ದ ಇಬ್ಬರನ್ನು ಮತ್ತೆ ಕರೆಸಿಕೊಂಡ.