ಮಗಳಿಗೆ ಹೇಳದೆ ಅವಳ ಫೋನಿಗೆ ಟ್ರ್ಯಾಕಿಂಗ್ ಆಪ್ ಹಾಕಬಹುದೇ?

ಪ್ರಶ್ನೆ: ಮಗಳು ಫಸ್ಟ್ ಪಿಯುಸಿ. ಟ್ಯೂಷನ್ ಮುಗಿಸಿ ಬಸ್ಸಿನಲ್ಲಿ ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟಾಗುತ್ತದೆ. ಫೋನ್ ಮಾಡಿದರೆ ಎಷ್ಟೋ ಸಲ ಎತ್ತುವುದಿಲ್ಲ. ಅವಳಿಗೆ ಗೊತ್ತಾಗದ ಹಾಗೆ ಒಂದು ಟ್ರ್ಯಾಕಿಂಗ್ ಆಪ್ ಹಾಕೋಣ ಅಂದುಕೊಂಡಿದ್ದೇವೆ. ತಪ್ಪಾಗುತ್ತದೆಯೇ?

ಉತ್ತರ: ಕತ್ತಲಾದ ಮೇಲೆ ಮಗಳು ಎಲ್ಲಿದ್ದಾಳೆಂದು ತಿಳಿಯಬಯಸುವುದರಲ್ಲಿ ಏನೂ ತಪ್ಪಿಲ್ಲ. ಅವಳಿಗೆ ಗೊತ್ತಾಗದ ಹಾಗೆ ತಿಳಿಯಹೊರಟರೆ ತಪ್ಪು. ನಿಮಗೆ ಬೇಕಾದ ಸುರಕ್ಷತೆಯೂ ಅದರಿಂದ ಸಿಗುವುದಿಲ್ಲ.

ಪ್ಲೇ ಸ್ಟೋರ್ ನಿಯಮದ ಪ್ರಕಾರ ಮಕ್ಕಳ ಮೇಲೆ ನಿಗಾ ಇಡುವ ಆಪ್ ತನ್ನನ್ನು ಬಚ್ಚಿಟ್ಟುಕೊಳ್ಳುವಂತಿಲ್ಲ. ಚಾಲೂ ಇರುವಷ್ಟು ಹೊತ್ತೂ ನೋಟಿಫಿಕೇಶನ್ ತೋರಿಸುತ್ತಿರಬೇಕು. ಹಾಗಾಗಿ ಪೂರ್ತಿ ಅಡಗಿ ಕೂರುವ ಆಪ್‌ಗಳು ಸಾಮಾನ್ಯವಾಗಿ ಪ್ಲೇ ಸ್ಟೋರಿನ ಹೊರಗಿನಿಂದ, ನಾವೇ ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವ ಎಪಿಕೆ ಫೈಲಾಗಿ ಬರುತ್ತವೆ. ಅಪಾಯಕಾರಿ ಆಪ್ ಹಿಡಿಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ, ಅಂಗವಿಕಲರ ಅನುಕೂಲಕ್ಕೆಂದು ಇರುವ ಆಕ್ಸೆಸಿಬಿಲಿಟಿ ಪರ್ಮಿಶನ್ ಕೊಡಿ ಎನ್ನುತ್ತವೆ. ಆ ಒಂದು ಪರ್ಮಿಶನ್ ಸಿಕ್ಕರೆ ಪರದೆಯ ಮೇಲೆ ಮೂಡುವ ಮೆಸೇಜು, ಒಟಿಪಿ ಎಲ್ಲವನ್ನೂ ಓದಬಲ್ಲವು. ಓದಿದ್ದೆಲ್ಲ ಯಾವುದೋ ಕಂಪನಿಯ ಸರ್ವರಿಗೆ ಹೋಗುತ್ತದೆ, ಅಂಥ ಸರ್ವರ್‌ಗಳಿಂದ ಮಾಹಿತಿ ಸೋರಿದ್ದು ಒಂದೆರಡು ಸಲವಲ್ಲ. ನಿಮ್ಮ ಮಗಳಿಗೆ ಮನಸ್ಸು ಬಿಚ್ಚಿ ಬರೆದ ಗೆಳತಿಯ ಮೆಸೇಜೂ ಅದರೊಳಗಿರುತ್ತದೆ. ಆ ಹುಡುಗಿಯ ಮಾತನ್ನು ಓದುವ ಹಕ್ಕು ನಿಮಗೆ ಯಾರೂ ಕೊಟ್ಟಿಲ್ಲ.

ಜರ್ಮನಿಯ ಟೆಲಿಕಾಂ ನಿಯಂತ್ರಣ ಸಂಸ್ಥೆ 2017ರ ನವೆಂಬರಿನಲ್ಲಿ ಕದ್ದು ಕೇಳುವ ಸೌಲಭ್ಯವಿದ್ದ ಮಕ್ಕಳ ಸ್ಮಾರ್ಟ್‌ವಾಚ್‌ಗಳ ಮಾರಾಟವನ್ನೇ ನಿಷೇಧಿಸಿತು. ಪೋಷಕರು ಆ ವಾಚಿನ ಮೂಲಕ ತರಗತಿಯಲ್ಲಿ ಪಾಠ ಮಾಡುವ ಶಿಕ್ಷಕರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಕ್ಕಳಿಗೂ ಈ ಹಕ್ಕಿದೆ ಎನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕೆನ್ನುತ್ತದೆ. ಅಂದರೆ ಮಗಳ ಖಾಸಗಿತನಕ್ಕೆ ಕಾನೂನು ನಿಮ್ಮನ್ನೇ ಕಾವಲಿಗೆ ನಿಲ್ಲಿಸಿದೆ.

ನಿಮ್ಮ ಚಿಂತೆ ಟ್ಯೂಷನ್‌ನಿಂದ ಮನೆವರೆಗಿನ ಒಂದು ಗಂಟೆಯದ್ದು. ಅಷ್ಟಕ್ಕೆ ವಾಟ್ಸಾಪ್ ಲೈವ್ ಲೊಕೇಶನ್ ಸಾಕು. ಬಸ್ ಹತ್ತಿದ ಕೂಡಲೇ ಅವಳೇ ನಿಮ್ಮ ಚಾಟ್ ತೆರೆದು, ಅಟ್ಯಾಚ್ ಒತ್ತಿ, ಲೊಕೇಶನ್, ಅದರಲ್ಲಿ 'ಶೇರ್ ಲೈವ್ ಲೊಕೇಶನ್' ಆರಿಸಬೇಕು. 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಆಯ್ಕೆಗಳಿರುತ್ತವೆ. ಒಂದು ಗಂಟೆ ಕೊಟ್ಟರೆ ಆಮೇಲೆ ತಾನೇ ನಿಲ್ಲುತ್ತದೆ. ದಿನಾ ಹೀಗೆ ಒತ್ತುವುದು ಬೇಸರವೆಂದು ಅವಳೇ ಹೇಳಿದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ 'ಲೊಕೇಶನ್ ಶೇರಿಂಗ್'ಗೆ ಹೋಗಿ, ಆಫ್ ಮಾಡುವವರೆಗೂ ನಡೆಯುವಂತೆ ಇಡಬಹುದು. ಆದರೆ ಅದು ದಿನವಿಡೀ ಕಾಣುತ್ತಿರುತ್ತದೆ, ಕಂಡಾಗ ನೋಡದೇ ಇರುವುದು ಕಷ್ಟ. ನಮ್ಮ ಮತ ಮೊದಲನೆಯದಕ್ಕೇ.

ಮ್ಯಾಪಿನಲ್ಲಿ ಅವಳಿರುವ ಜಾಗ ತೋರಿಸುವ ಚುಕ್ಕಿ ನಿಂತಲ್ಲೇ ನಿಂತಿತೆಂದು ಗಾಬರಿಯಾಗಬೇಡಿ. ಬ್ಯಾಟರಿ ಸೇವರ್ ಆನ್ ಆದರೆ ಹಿನ್ನೆಲೆಯಲ್ಲಿ ನಡೆಯುವ ಆಪನ್ನು ಫೋನೇ ನಿಲ್ಲಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆಪಿನ ಬ್ಯಾಟರಿಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿಸಿ. ಕಟ್ಟಡದೊಳಗೆ ಜಿಪಿಎಸ್ ಸರಿಯಾಗಿ ಸಿಗದಾಗ ಫೋನು ವೈಫೈ, ಮೊಬೈಲ್ ಟವರ್ ಹಿಡಿದು ಅಂದಾಜು ಹಾಕುತ್ತದೆ. ಟವರುಗಳು ದೂರ ದೂರ ಇರುವ ಊರಲ್ಲಿ ಆ ಅಂದಾಜು ಕಿಲೋಮೀಟರುಗಟ್ಟಲೆ ತಪ್ಪಬಹುದು. ಟ್ಯೂಷನ್‌ನಲ್ಲಿ ಕುಳಿತವಳು ಇನ್ನೆಲ್ಲೋ ಇದ್ದಂತೆ ಕಂಡರೆ ಮೊದಲು ಕೊನೆಯ ಅಪ್‌ಡೇಟ್ ಎಷ್ಟು ಹೊತ್ತಿನದು ನೋಡಿ. ಆ ಚುಕ್ಕಿ ಹಿಡಿದು ಯಾವತ್ತೂ ಜಗಳಕ್ಕೆ ಕೂರಬೇಡಿ.

ಲೊಕೇಶನ್ ಯಾರು ನೋಡುತ್ತಾರೆ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಅಪ್ಪ, ಅಮ್ಮ, ಅಷ್ಟೇ. ಫ್ಯಾಮಿಲಿ ಗ್ರೂಪಿಗೆ, ಚಿಕ್ಕಪ್ಪನಿಗೆ, ಅಣ್ಣನಿಗೆ ಬೇಡ. ಮನೆಯಲ್ಲಿ ಮಗನೂ ಇದ್ದರೆ, ಅವನು ರಾತ್ರಿ ಎಂಟಕ್ಕೆ ಬಂದಾಗ ಹೀಗೇ ನೋಡುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಎಂದಾದರೆ ನೀವು ನೋಡಹೊರಟಿರುವುದು ಅವಳು ಮನೆ ಸೇರಿದಳೇ ಎಂದಲ್ಲ, ಯಾರ ಜೊತೆಗಿದ್ದಳು ಎಂದು. ಹೆಣ್ಣುಮಕ್ಕಳು ಇದನ್ನು ಬಹಳ ಬೇಗ ಗುರುತಿಸುತ್ತಾರೆ. ಗುರುತಿಸಿದ ಮೇಲೆ ಫೋನನ್ನು ಗೆಳತಿಯ ಬ್ಯಾಗಿನಲ್ಲಿಟ್ಟು ಹೋಗುತ್ತಾರೆ, ಆಗ ನಿಜವಾದ ತೊಂದರೆ ಬಂದರೂ ನಿಮಗೆ ಕರೆ ಮಾಡಲು ಅವಳ ಕೈಯಲ್ಲಿ ಫೋನಿರುವುದಿಲ್ಲ.

ಯಾರೋ ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದಾರೆ, ಮಗು ಸಾಯುವ ಮಾತಾಡುತ್ತಿದೆ ಎಂಬ ಸುಳಿವಿದ್ದರೆ ಮಾತು ಬೇರೆ. ಆಗ ಫೋನ್ ನೋಡಲೇಬೇಕು, ಅದೂ 'ನೋಡುತ್ತಿದ್ದೇನೆ' ಎಂದು ಹೇಳಿಯೇ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇನ್ನು ಫೋನ್ ಎತ್ತದಿರುವ ವಿಷಯ. ಟ್ಯೂಷನ್‌ನಲ್ಲಿ ಸೈಲೆಂಟ್ ಮಾಡಿದ್ದನ್ನು ಬಸ್ಸಿನ ಗದ್ದಲದಲ್ಲಿ ತೆಗೆಯಲು ಮರೆಯುವುದೇ ಹೆಚ್ಚು. ಟ್ಯೂಷನ್ ಮೇಷ್ಟ್ರದ್ದು, ಜೊತೆಗೆ ಬರುವ ಗೆಳತಿಯ ಮನೆಯವರದ್ದು ನಂಬರ್ ನಿಮ್ಮಲ್ಲಿರಲಿ. ಅವಳ ಫೋನು ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ ಎಮರ್ಜೆನ್ಸಿ ಎಸ್‌ಒಎಸ್ ಸೆಟ್ ಮಾಡಿಸಿ. ಪವರ್ ಬಟನ್ ಐದು ಸಲ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುತ್ತದೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾದರೆ ಮೊದಲು ಗೆಳತಿಯ ಮನೆಗೆ, ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿ. ಇಬ್ಬರಿಂದಲೂ ಸುಳಿವು ಸಿಗದಿದ್ದರೆ ಕಾಯದೆ 112ಕ್ಕೆ ಕರೆ ಮಾಡಿ.